ಆಟದ ಗಾಯವೂ ಮನೆಯವರ ಹೊಣೆಯೂ

ಗದ್ದೆಯ ಕೊಯ್ಲು ಮುಗಿದು ಬಿಸಿಲು ಏರತೊಡಗಿದೊಡನೆ ನಮ್ಮ ಮಂಜೇಶ್ವರ-ಕುಂಬಳೆ ಸೀಮೆಯ ಮನೆಬಾಗಿಲಿಗೆ ಎರಡು ಬಗೆಯ ಕರಪತ್ರಗಳು ಬರಲು ಮೊದಲಾಗುತ್ತವೆ. ಒಂದು ಯಕ್ಷಗಾನ ಬಯಲಾಟದ್ದು. ಮತ್ತೊಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ್ದು. ಮೊದಲನೆಯದರ ಕುರಿತು ಬರೆಯುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಎರಡನೆಯದರ ಕುರಿತು ಬರೆಯುವವರುಂಟಾದರೂ ಯಾವ ತಂಡ ಗೆದ್ದಿತು, ಯಾರು ಉತ್ತಮ ದಾಳಿಗಾರರೆನಿಸಿದರು, ಬಹುಮಾನದ ಫಲಕ ಎಷ್ಟೆತ್ತರವಿತ್ತು ಎಂಬಲ್ಲಿಗೆ ಬರವಣಿಗೆ ಮುಗಿದುಹೋಗುತ್ತದೆ. ಆಟದ ನಡುವೆ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ಅಂಗಣದ ಹೊರಗೆ ಬಂದ ಹುಡುಗ ಮರುದಿನ ಏನಾದ, ಮರುವರ್ಷ ಆಡಿದನೇ ಇಲ್ಲವೇ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ನಾವಿಲ್ಲಿ ಬರೆಯಹೊರಟಿರುವುದು ಆ ಹುಡುಗನ ಕುರಿತು.

ಇಂತಹ ಸಂದರ್ಭಗಳಲ್ಲಿ ಊರ ಹಿರಿಯರಿಂದ ಎರಡು ಮಾತುಗಳನ್ನು ನಾವು ಪದೇ ಪದೇ ಕೇಳಿದ್ದೇವೆ. "ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಆಟಕ್ಕಿಳಿದವನಿಗೆ ಪೆಟ್ಟು ತಪ್ಪುತ್ತದೆಯೇ?" ಎಂಬುದು ಒಂದು. "ನಾಲ್ಕು ದಿನ ಎಣ್ಣೆ ತಿಕ್ಕಿದರೆ ಎಲ್ಲ ಸರಿಹೋಗುತ್ತದೆ" ಎಂಬುದು ಇನ್ನೊಂದು. ಎರಡರಲ್ಲಿಯೂ ಅಷ್ಟಿಷ್ಟು ಸತ್ಯವಿದೆ. ಆದರೆ ಆಟದ ಪೆಟ್ಟುಗಳಲ್ಲಿ ಬಹುಪಾಲು ಆಕಸ್ಮಿಕವಲ್ಲವೆಂದೂ, ಅವು ಏಕೆ ಆಗುತ್ತವೆ, ಹೇಗೆ ತಡೆಯಬಹುದು, ಆದ ಮೇಲೆ ಎಷ್ಟು ಕಾಲಕ್ಕೆ ಮರಳಿ ಆಡಬಹುದು ಎಂಬುದನ್ನು ಅಳೆದು ತೂಗಿ ಹೇಳಬಹುದೆಂದೂ ತೋರಿಸಿಕೊಟ್ಟಿರುವ ಶಾಸ್ತ್ರವೊಂದಿದೆ. ಅದನ್ನು ಕ್ರೀಡಾವೈದ್ಯವೆಂದು ಕರೆಯುತ್ತಾರೆ. ನಾವು ವೈದ್ಯರಲ್ಲ. ಶಿಕ್ಷಕ ತರಬೇತಿಯಲ್ಲಿ ದೇಹಶಿಕ್ಷಣದ ಪಾಠವನ್ನೂ ಕಲಿತು, ಆಮೇಲೆ ಅನೇಕ ವರ್ಷ ಮಕ್ಕಳನ್ನು ಉಪಜಿಲ್ಲಾ ಕ್ರೀಡಾಕೂಟಗಳಿಗೆ ಕರೆದೊಯ್ದವರು. ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ತಾಯಿತಂದೆಯರ ಮುಂದಿಡುವ ಉದ್ದೇಶ ಮಾತ್ರ ನಮ್ಮದು.

ಈ ಶಾಸ್ತ್ರದ ಬೇರು ಹಳೆಯದು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ಯಾಲೆನ್ ಎಂಬ ಗ್ರೀಕ್ ವೈದ್ಯನು ಪೆರ್ಗಮಾನ್ ನಗರದಲ್ಲಿ ಕಾದಾಡುವ ಮಲ್ಲರ ಗಾಯಗಳಿಗೆ ಚಿಕಿತ್ಸೆ ಮಾಡುತ್ತ ಶರೀರದ ರಚನೆಯನ್ನು ಕಲಿತನು. ನಮ್ಮ ಆಯುರ್ವೇದ ಗ್ರಂಥಗಳು ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾತ್ರ ಮಾಡಬೇಕೆಂದು ವಿಧಿಸಿದುವು. ಮಲಬಾರಿನ ಕಳರಿಗಳಲ್ಲಿ ವಿದ್ಯೆ ಕಲಿಸುವ ಗುರುಗಳೇ ಉಳುಕು, ಮುರಿತಗಳಿಗೆ ಮದ್ದನ್ನೂ ಮಾಡುತ್ತಿದ್ದರು; ಆಟದ ಮೇಷ್ಟರೂ ವೈದ್ಯರೂ ಒಬ್ಬರೇ ಆಗಿದ್ದ ಕಾಲವದು. ಆಧುನಿಕ ರೂಪದಲ್ಲಿ ಕ್ರೀಡಾವೈದ್ಯರು ಒಂದು ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡದ್ದು 1928ರಲ್ಲಿ, ಸ್ವಿಟ್ಸರ್ಲೆಂಡಿನ ಸೇಂಟ್ ಮಾರಿಟ್ಸ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ. ಇತಿಹಾಸ ಇಷ್ಟು ಸಾಕು. ನಮಗೆ ಬೇಕಾದುದು ನಮ್ಮ ಅಂಗಣದ ಸಂಗತಿ.

ಕಬಡ್ಡಿಯಲ್ಲಿ ಹೆಚ್ಚು ಅಂಜಬೇಕಾದುದು ಮೊಣಕಾಲಿನ ಗಾಯಕ್ಕೆ. ತೊಡೆಯೆಲುಬು ಮತ್ತು ಮೊಣಕಾಲಿನ ಕೆಳಗಿನ ಎಲುಬು ಒಂದರ ಮೇಲೊಂದು ಕುಳಿತಿರುವುದು ಬಾವಿಯ ಕಟ್ಟೆಯ ಮೇಲೆ ಕೊಡವಿಟ್ಟಂತೆ. ತಾನಾಗಿ ಅಲ್ಲಿ ಭದ್ರತೆಯಿಲ್ಲ. ಅವನ್ನು ಹಿಡಿದು ಕಟ್ಟಿರುವುದು ಗಟ್ಟಿಯಾದ ನಾರಿನಂತಹ ಅಸ್ಥಿಬಂಧಗಳು. ಗಂಟಿನ ನಡುಮಧ್ಯೆ ಅಂತಹ ಎರಡು ಬಂಧಗಳು ಕತ್ತರಿಯಂತೆ ಒಂದನ್ನೊಂದು ಹಾಯ್ದು ನಿಂತಿವೆ. ಮುಂದಿನದಕ್ಕೆ ವೈದ್ಯರು ಎ.ಸಿ.ಎಲ್. ಎನ್ನುತ್ತಾರೆ. ಅದರ ಉದ್ದ ಒಂದು ಬೆರಳಿನ ಅರ್ಧದಷ್ಟು ಮಾತ್ರ. ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ಕಾಲು ನೆಟ್ಟು ತಿರುಗುವಾಗ ಮೊಣಕಾಲು ತಿರುಚದಂತೆ ತಡೆಯುವ ಕೆಲಸ ಅದರದು. ಎರಡು ಎಲುಬುಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಎಲುಬಿಗೆ ಅವು ಹಾಗೆ.

ದಾಳಿಗೆ ಹೋದವನು ಓಡುತ್ತಲೇ ಥಟ್ಟನೆ ನಿಂತು, ಪಾದವನ್ನು ನೆಲಕ್ಕೆ ಊರಿ, ಸೊಂಟವನ್ನು ತಿರುಗಿಸಿ ಗೆರೆಯತ್ತ ಹಾರುತ್ತಾನೆ. ಈ ಒಂದು ಕ್ಷಣದಲ್ಲಿ ದೇಹ ಒಂದು ಕಡೆಗೆ, ಪಾದ ಇನ್ನೊಂದು ಕಡೆಗೆ ಇದ್ದು ಮೊಣಕಾಲು ಒಳಮುಖವಾಗಿ ಬಾಗಿದರೆ ಬಂಧ ಹರಿಯುತ್ತದೆ. ಯಾರೂ ಮುಟ್ಟಬೇಕಾಗಿಲ್ಲ. ಬೇರೆ ಬೇರೆ ಆಟಗಳಲ್ಲಿ ಎ.ಸಿ.ಎಲ್. ಹರಿದವರನ್ನು ಲೆಕ್ಕಹಾಕಿ ನೋಡಿದವರು, ಹೆಚ್ಚಿನವು ಎದುರಾಳಿಯ ಸ್ಪರ್ಶವಿಲ್ಲದೆಯೇ, ನಿಲ್ಲುವಾಗ, ತಿರುಗುವಾಗ, ಹಾರಿ ಇಳಿಯುವಾಗ ಆದವುಗಳೆಂದು ಕಂಡಿದ್ದಾರೆ. ಇದು ಬಹಳ ಮುಖ್ಯವಾದ ಸಂಗತಿ. ಏಕೆಂದರೆ ಎದುರಾಳಿಯ ಒದೆತವನ್ನು ನಾವು ತಡೆಯಲಾರೆವು. ಮಗು ಹೇಗೆ ನೆಲಕ್ಕಿಳಿಯುತ್ತದೆ ಎಂಬುದನ್ನು ಕಲಿಸಬಲ್ಲೆವು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದೇ ಬಗೆಯ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಬಂಧ ಹರಿಯುವ ಸಂಭವ ಎರಡು ಪಟ್ಟಿಗಿಂತಲೂ ಅಧಿಕವೆಂದು ಅನೇಕ ದೇಶಗಳ ಅನುಭವ ಹೇಳುತ್ತದೆ. ಎಲುಬಿನ ರಚನೆ, ಪ್ರಾಯಕ್ಕೆ ಬರುವಾಗ ಆಗುವ ಬದಲಾವಣೆ, ಸ್ನಾಯುಗಳು ಕೆಲಸಮಾಡುವ ಕ್ರಮ, ಇವೆಲ್ಲವನ್ನೂ ಕಾರಣವಾಗಿ ಹೇಳುತ್ತಾರೆ. ನಮ್ಮ ಅನುಭವದಲ್ಲಿ ಇನ್ನೊಂದು ಕಾರಣವುಂಟು. ಹುಡುಗ ಐದನೆಯ ವರ್ಷದಿಂದಲೇ ಮರ ಹತ್ತಿ, ತೋಡು ಹಾರಿ, ಬಿದ್ದು ಏಳುತ್ತ ಬೆಳೆಯುತ್ತಾನೆ. ಹುಡುಗಿಗೆ ಹಾರುವುದನ್ನೇ ಬೇಡವೆಂದು ಹತ್ತು ವರ್ಷ ತಡೆದು, ಹದಿಮೂರನೆಯ ವರ್ಷದಲ್ಲಿ ಒಂದು ವಾರದ ಅಭ್ಯಾಸದಿಂದ ತಂಡಕ್ಕೆ ಸೇರಿಸುತ್ತೇವೆ. ಇದು ತಪ್ಪಿದರೆ ಹೆಣ್ಣುಮಕ್ಕಳು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ದೂರ ನೋಡಬೇಕಾಗಿಲ್ಲ. ಮಹಿಳೆಯರ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಮೊದಲು ಸೇರಿದ 2010ರಲ್ಲಿಯೂ, ಮುಂದೆ 2014ರಲ್ಲಿಯೂ ಚಿನ್ನ ಗೆದ್ದ ಭಾರತ ತಂಡದಲ್ಲಿ ಕಾರ್ಕಳ ಕಡೆಯ ಮಮತಾ ಪೂಜಾರಿಯವರಿದ್ದರು.

ನಾವು ಹತ್ತಿರದಿಂದ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ನೆರೆಯ ಊರಿನ ಹುಡುಗಿ, ಒಂಬತ್ತನೆಯ ತರಗತಿ, ಹೆಸರು ಬೇಡ. ಮುರಕಲ್ಲಿನ ಗಟ್ಟಿ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹಾರಿ ಇಳಿದವಳ ಮೊಣಕಾಲಿನೊಳಗೆ ಕಡ್ಡಿ ಮುರಿದಂತೆ ಒಂದು ಸದ್ದಾಯಿತು. ಎರಡು ಗಂಟೆಯೊಳಗೆ ಗಂಟು ತೆಂಗಿನಕಾಯಿಯಂತೆ ಬಾತುಕೊಂಡಿತು. ಸದ್ದು, ಬೇಗನೆ ಏರಿದ ಬಾವು, ನಿಂತರೆ ಕಾಲು ಕೈಕೊಟ್ಟಂತಾಗುವುದು, ಈ ಮೂರೂ ಸೇರಿದರೆ ಒಳಗಿನ ಬಂಧ ಹರಿದಿರಬಹುದೆಂದು ಶಂಕಿಸಲೇಬೇಕು. ಆದರೆ ಅಂದು ನಡೆದದ್ದೇ ಬೇರೆ. ಮನೆಯವರು ಬಿಸಿ ಎಣ್ಣೆ ಹಾಕಿ ತಿಕ್ಕಿದರು. ಮರುದಿನ ಎಲುಬು ಕೂರಿಸುವವರೊಬ್ಬರು ಕಾಲನ್ನು ಎಳೆದು ಕಟ್ಟಿದರು. ಎಕ್ಸರೇ ತೆಗೆಸಿದಾಗ "ಎಲುಬು ಮುರಿದಿಲ್ಲ" ಎಂಬ ಮಾತು ಬಂತು, ಎಲ್ಲರಿಗೂ ನೆಮ್ಮದಿಯಾಯಿತು. ಎಕ್ಸರೇಯಲ್ಲಿ ಎಲುಬು ಕಾಣುತ್ತದೆಯೇ ಹೊರತು ಬಂಧವೂ ಮೆತ್ತೆಯೂ ಕಾಣುವುದಿಲ್ಲವೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ಮೂರು ವಾರದಲ್ಲಿ ಬಾವು ಇಳಿಯಿತು, ನೋವು ಹೋಯಿತು. ಕ್ರೀಡಾಕೂಟದ ದಿನ ಬಂತು, ಹುಡುಗಿ ಆಡಿದಳು, ಎರಡನೆಯ ದಾಳಿಯಲ್ಲಿಯೇ ಮೊಣಕಾಲು ಮತ್ತೆ ಕುಸಿಯಿತು.

ಮಂಗಳೂರಿನಲ್ಲಿ ಎಂ.ಆರ್.ಐ. ತೆಗೆಸಿದಾಗ ಬಂಧವೂ ಒಳಮಗ್ಗುಲಿನ ಮೆತ್ತೆಯೂ ಹರಿದಿದ್ದುದು ಗೊತ್ತಾಯಿತು. ಬಂಧವಿಲ್ಲದ ಮೊಣಕಾಲಿನಲ್ಲಿ ಆಡಿದರೆ ಒಮ್ಮೊಮ್ಮೆ ಜಾರಿದಾಗಲೂ ಮೆತ್ತೆ ಎರಡು ಎಲುಬುಗಳ ನಡುವೆ ಸಿಕ್ಕಿ ಸವೆಯುತ್ತದೆ. ಮೆತ್ತೆ ಹೋದ ಗಂಟಿಗೆ ಮೂವತ್ತು ನಲವತ್ತರ ಪ್ರಾಯದಲ್ಲಿಯೇ ಮುದುಕರ ಸಂಧಿವಾತ ಬರುತ್ತದೆ. ನೋವಿಲ್ಲದ ಮಾತ್ರಕ್ಕೆ ಗಾಯ ಮಾಗಿತೆಂದು ತಿಳಿಯಬಾರದೆಂಬುದು ಕ್ರೀಡಾವೈದ್ಯದ ಮೊದಲ ಪಾಠ. (ಮಂಗಳೂರಿನ ಆಸ್ಪತ್ರೆಗಳು ನಮಗೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದನ್ನು 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ಗಡಿ ಮುಚ್ಚಿದ ದಿನಗಳನ್ನು ಕಂಡ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.)

ಹರಿದ ಬಂಧಕ್ಕೆ ಎಲ್ಲರಿಗೂ ಶಸ್ತ್ರಕ್ರಿಯೆ ಬೇಕೇಬೇಕೆಂದಿಲ್ಲ. ತಿರುಗಿ ಹಾರುವ ಆಟಗಳನ್ನು ಬಿಟ್ಟು, ತೊಡೆಯ ಸ್ನಾಯುಗಳನ್ನು ಬಲಪಡಿಸಿಕೊಂಡು ಚೆನ್ನಾಗಿ ಬಾಳುವವರುಂಟು. ಕಬಡ್ಡಿಯಂತಹ ಆಟಕ್ಕೆ ಮರಳಬೇಕೆನ್ನುವವರಿಗೆ ಸಾಮಾನ್ಯವಾಗಿ ಶಸ್ತ್ರಕ್ರಿಯೆಯನ್ನು ಹೇಳುತ್ತಾರೆ. ರೋಗಿಯ ತೊಡೆಯ ಹಿಂಭಾಗದಿಂದಲೋ ಮೊಣಚಿಪ್ಪಿನ ಕೆಳಗಿನಿಂದಲೋ ಒಂದು ತುಂಡು ಸ್ನಾಯುರಜ್ಜುವನ್ನು ತೆಗೆದು, ಎಲುಬಿನಲ್ಲಿ ರಂಧ್ರ ಕೊರೆದು, ಹಳೆಯ ಬಂಧದ ಸ್ಥಾನದಲ್ಲಿ ಕೂರಿಸುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ಗೇರಿನ ಕಸಿಗೆ ಹೋಲಿಸಿ ಹೇಳುವುದು ಸುಲಭ. ಕಸಿ ಕಟ್ಟಿದ ದಿನವೇ ಅದು ಗಿಡವಾಗುವುದಿಲ್ಲ. ಒಳಗೆ ಕೂರಿಸಿದ ರಜ್ಜು ಮೊದಲ ತಿಂಗಳುಗಳಲ್ಲಿ ಬಲಗುಂದುತ್ತದೆ. ಹೊಸ ರಕ್ತನಾಳಗಳು ಬೆಳೆದು ಅದು ನಿಜವಾದ ಬಂಧದಂತೆ ಗಟ್ಟಿಯಾಗಲು ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ವಿಚಿತ್ರವೆಂದರೆ, ಅದು ಬಲಹೀನವಾಗಿರುವ ಮೂರನೆಯ ತಿಂಗಳಿಗೆ ನೋವು ಇರುವುದಿಲ್ಲ, ನಡಿಗೆ ಸರಾಗವಾಗಿರುತ್ತದೆ, ಗೆಳೆಯರು ಅಂಗಣಕ್ಕೆ ಕರೆಯುತ್ತಾರೆ.

ಹಾಗಾದರೆ ಎಷ್ಟು ಕಾಲ? ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಕೂಡಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿತು. ಶಸ್ತ್ರಕ್ರಿಯೆಯ ನಂತರ ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮೊಣಕಾಲು ಮತ್ತೆ ಗಾಯಗೊಳ್ಳುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಿತ್ತು. ಬರಿಯ ಕಾಲ ಕಳೆದರೂ ಸಾಲದು. ಗಾಯಗೊಂಡ ಕಾಲಿನ ತೊಡೆಯ ಬಲವು ಒಳ್ಳೆಯ ಕಾಲಿನ ಬಲದ ನೂರಕ್ಕೆ ತೊಂಬತ್ತರಷ್ಟಾದರೂ ಆಗಿರಬೇಕು. ಒಂಟಿ ಕಾಲಿನಲ್ಲಿ ಕುಪ್ಪಳಿಸಿದ ದೂರವೂ ಅಂತೆಯೇ ಹೊಂದಬೇಕು. ಅಂದರೆ ಮರಳುವ ದಿನವನ್ನು ನಿರ್ಣಯಿಸಬೇಕಾದುದು ಪಂದ್ಯಾಟದ ತಾರೀಕಲ್ಲ, ಪರೀಕ್ಷೆ. ನಮ್ಮಂತಹ ಮೇಷ್ಟರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ವರ್ಷ ಕಳೆದ ಮಾತ್ರಕ್ಕೆ ಮಗುವಿಗೆ ಗುಣಾಕಾರ ಬಂದಿತೆಂದು ನಾವು ಬರೆಯುವುದಿಲ್ಲವಷ್ಟೆ.

ಆ ಹುಡುಗಿಯ ವಿಷಯದಲ್ಲಿ ಶಸ್ತ್ರಕ್ರಿಯೆ ಒಂದೂವರೆ ಗಂಟೆಯ ಕೆಲಸವಾಯಿತು. ಉಳಿದದ್ದು ಹನ್ನೊಂದು ತಿಂಗಳ ಮನೆಗೆಲಸ. ಬಿಡುಗಡೆಯ ದಿನ ಕೈಗೆ ಬಂದ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿತ್ತು. ಸಮೀಪದ ಕೇಂದ್ರವೊಂದರಲ್ಲಿ ದೊರೆತ ಇನ್ನೊಂದು ಹಾಳೆ ಮಲಯಾಳದಲ್ಲಿ. ಮಗುವಿನ ತಾಯಿ ಓದಬಲ್ಲುದು ಕನ್ನಡವೊಂದನ್ನೇ. ಗಡಿನಾಡಿನ ಕನ್ನಡಿಗರಿಗೆ ಭಾಷೆಯ ಪ್ರಶ್ನೆಯೆಂದರೆ ನಾಮಫಲಕ, ಅರ್ಜಿ, ಪ್ರಶ್ನೆಪತ್ರಿಕೆ ಎಂದು ತಿಳಿದವರು ಈ ಹಾಳೆಯನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬೇಕು. "ದಿನಕ್ಕೆ ಮೂರು ಸಲ" ಎಂಬುದನ್ನು ಓದಲಾರದೆ ಒಂದೇ ಸಲ ಮಾಡಿಸಿದರೆ ಮೊಣಕಾಲು ಅಷ್ಟೇ ಬಾಗುತ್ತದೆ. ನಾವು ಆ ಹಾಳೆಯನ್ನು ಕನ್ನಡದಲ್ಲಿ ಬರೆದು ಕೊಟ್ಟೆವು. ಮೊಣಕಾಲಿನ ಕೆಳಗೆ ಮಡಿಸಿದ ಬೈರಾಸವಿಟ್ಟು ತೊಡೆ ಬಿಗಿಹಿಡಿಯುವುದು. ಕಾಲನ್ನು ನೆಟ್ಟಗಿಟ್ಟು ಒಂದು ಗೇಣು ಎತ್ತುವುದು. ಹಿಮ್ಮಡಿಯನ್ನು ಚಾಪೆಯ ಮೇಲೆ ಜಾರಿಸುತ್ತ ಮಡಚುವುದು. ಕೆಲವು ವಾರಗಳ ತರುವಾಯ ಗೋಡೆಗೆ ಬೆನ್ನು ತಾಗಿಸಿ ಅರ್ಧ ಕುಳಿತು ಏಳುವುದು, ಜಗಲಿಯ ಮೆಟ್ಟಿಲು ಹತ್ತಿ ಇಳಿಯುವುದು, ಒಂಟಿ ಕಾಲಿನಲ್ಲಿ ನಿಂತು ಹಲ್ಲುಜ್ಜುವುದು. ನೆಗೆತ, ಓಟ, ತಿರುಗಾಟವೆಲ್ಲ ಬಹಳ ಹಿಂದಿನಿಂದ, ಅದೂ ಫಿಸಿಯೋಥೆರಪಿಸ್ಟರ ಕಣ್ಣಮುಂದೆ. ಇದರಲ್ಲಿ ದುಬಾರಿಯಾದುದು ಯಾವುದೂ ಇಲ್ಲ. ಬೇಸರ ಮಾತ್ರ ಬಹಳ. ನಾಲ್ಕನೆಯ ತಿಂಗಳಲ್ಲಿ ಮಗು ಅತ್ತಿತು. ಅಜ್ಜಿ "ಇನ್ನು ಸಾಕು, ಮದುವೆಗೆ ಕಾಲಿದ್ದರಾಯಿತು" ಎಂದರು. ತಾಯಿ ಬಿಡಲಿಲ್ಲ. ಹನ್ನೆರಡನೆಯ ತಿಂಗಳಲ್ಲಿ ಅವಳು ಅಂಗಣಕ್ಕಿಳಿದಳು, ಈಗಲೂ ಆಡುತ್ತಾಳೆ. ವೈದ್ಯರ ಹೆಸರು ಊರಿನಲ್ಲಿ ಪ್ರಸಿದ್ಧವಾಯಿತು. ಆ ತಾಯಿಯ ಹೆಸರೂ ಆಗಬೇಕಿತ್ತೆಂದು ನಮ್ಮ ಅಭಿಪ್ರಾಯ.

ತಾಳ್ಮೆಯ ಮಾತು ಬಂದಾಗ ನಮ್ಮ ಕುಂಬಳೆಯ ಹೆಸರನ್ನು ಲೋಕಕ್ಕೆಲ್ಲ ಕೇಳಿಸಿದ ಅನಿಲ್ ಕುಂಬ್ಳೆಯವರನ್ನು ನೆನೆಯದಿರಲಾಗದು. ಅವರ ಕುಟುಂಬದ ಮೂಲ ಈ ಮಣ್ಣಿನದು. 2002ರ ಮೇ ತಿಂಗಳಲ್ಲಿ ಆಂಟಿಗದಲ್ಲಿ ಬ್ಯಾಟು ಮಾಡುತ್ತಿದ್ದಾಗ ಮರ್ವಿನ್ ಡಿಲ್ಲನ್ ಅವರ ಚೆಂಡು ಬಡಿದು ಅವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು ಎಡೆಬಿಡದೆ ಹದಿನಾಲ್ಕು ಓವರು ಎಸೆದು ಬ್ರಯನ್ ಲಾರಾ ಅವರನ್ನು ಔಟು ಮಾಡಿದರು. ಈ ಕಥೆಯನ್ನು ಹೇಳದ ಕ್ರೀಡಾಶಿಕ್ಷಕರಿಲ್ಲ. ನಮಗೂ ಅದು ರೋಮಾಂಚಕಾರಿಯೇ. ಆದರೆ ಮಕ್ಕಳಿಗೆ ಅದನ್ನು ಹೇಳುವಾಗ ಮುಂದಿನ ಭಾಗವನ್ನೂ ಹೇಳಬೇಕು. ಅವರು ಪ್ರಾಯಕ್ಕೆ ಬಂದವರು, ಸುತ್ತ ವೈದ್ಯಕೀಯ ನೆರವಿತ್ತು, ಮತ್ತು ಕೂಡಲೇ ಶಸ್ತ್ರಕ್ರಿಯೆಗಾಗಿ ಬೆಂಗಳೂರಿಗೆ ಮರಳಿದರು.

ನಮ್ಮ ದೃಷ್ಟಿಯಲ್ಲಿ ದವಡೆಯ ಕಥೆಗಿಂತ ಹೆಗಲಿನ ಕಥೆ ದೊಡ್ಡದು. ಚಿತ್ರಕ್ಕೆ ಸಿಕ್ಕದ ಕಾರಣ ಅದನ್ನು ಯಾರೂ ಹೇಳುವುದಿಲ್ಲ. ವರ್ಷಗಟ್ಟಲೆ ಎಸೆದೆಸೆದು ಬಲಹೆಗಲು ಸವೆದಾಗ, ಮೂವತ್ತರ ಪ್ರಾಯದಲ್ಲಿ, ಅವರು ದಕ್ಷಿಣ ಆಫ್ರಿಕದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡರು. 2001ರ ಆರಂಭದಲ್ಲಿ ಆಸ್ಟ್ರೇಲಿಯದ ಎದುರು ನಡೆದ ಪ್ರಸಿದ್ಧ ಟೆಸ್ಟ್ ಸರಣಿಯಲ್ಲಿ ಅವರಿರಲಿಲ್ಲ. ಕೋಲ್ಕತ್ತದಲ್ಲಿ ಲಕ್ಷ್ಮಣ್ ಹೊಡೆದ 281 ಓಟಗಳೂ ಮೂರು ಟೆಸ್ಟುಗಳಲ್ಲಿ ಹರಭಜನ್ ಪಡೆದ 32 ವಿಕೆಟುಗಳೂ ಎಲ್ಲರ ಬಾಯಲ್ಲಿದ್ದ ಆ ದಿನಗಳಲ್ಲಿ, ಕುಂಬ್ಳೆಯವರು ಕೈಯನ್ನು ಮತ್ತೆ ತಲೆಯ ಮೇಲೆತ್ತುವುದನ್ನು ಮೊದಲಿನಿಂದ ಅಭ್ಯಾಸ ಮಾಡಬೇಕಾಗಿತ್ತು. ತನ್ನ ಸ್ಥಾನದಲ್ಲಿ ಇನ್ನೊಬ್ಬನು ಜಯಭೇರಿ ಹೊಡೆಯುತ್ತಿರುವಾಗ ಅವಸರಪಡದೆ ಕಾಯುವುದು ಸಾಮಾನ್ಯವಲ್ಲ. ಆ ವರ್ಷದ ಕೊನೆಯಲ್ಲಿ ಅವರು ಮರಳಿದರು. ಮುನ್ನೂರನೆಯ ಟೆಸ್ಟ್ ವಿಕೆಟು ಸಿಕ್ಕಿದ್ದು 2001ರ ಡಿಸೆಂಬರಿನಲ್ಲಿ. 2008ರಲ್ಲಿ ನಿವೃತ್ತರಾದಾಗ ಲೆಕ್ಕ 619. ಅರ್ಧಕ್ಕಿಂತ ಅಧಿಕ ವಿಕೆಟುಗಳನ್ನು ಅವರು ಪಡೆದುದು ದುರಸ್ತಿಯಾದ ಹೆಗಲಿನಿಂದ.

ನೀರಜ್ ಚೋಪ್ರಾ ಅವರದೂ ಇಂತಹುದೇ ನಿದರ್ಶನ. ಭರ್ಜಿ ಎಸೆಯುವ ಮೊಣಕೈಗೆ 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಶಸ್ತ್ರಕ್ರಿಯೆಯಾಯಿತು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಅದೇ ಕೈ 87.58 ಮೀಟರ್ ಎಸೆದು ಚಿನ್ನ ತಂದಿತು. ಹಿಂದಿನವರಿಗೆ ಈ ಭಾಗ್ಯವಿರಲಿಲ್ಲ. ನಮ್ಮ ರಾಜ್ಯದವರೇ ಆದ ಪಿ. ಟಿ. ಉಷಾ ಅವರು 1984ರಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. 1988ರ ಸೋಲ್ ಒಲಿಂಪಿಕ್ಸಿಗೆ ಅವರು ಹಿಮ್ಮಡಿಯ ಗಾಯವನ್ನು ಹೊತ್ತುಕೊಂಡೇ ಹೋಗಿದ್ದರೆಂಬುದು ನೆನಪಿರುವವರು ಕಡಮೆ.

ಇನ್ನು ಗಾಯವಾದ ಮೊದಲ ಗಳಿಗೆಯ ಮಾತು. ಎಣ್ಣೆ ತಿಕ್ಕುವುದನ್ನು ನಾವು ಹಳಿಯುವುದಿಲ್ಲ. ದಣಿದ ಮೈಗೆ, ಬಿಗಿದ ಸ್ನಾಯುವಿಗೆ ಅಭ್ಯಂಗದ ಸುಖ ಎಲ್ಲರಿಗೂ ಗೊತ್ತು. ಆದರೆ ಹೊಸದಾಗಿ ಹರಿದ ಜಾಗದಲ್ಲಿ ಒಳಗೆ ರಕ್ತ ಒಸರುತ್ತಿರುತ್ತದೆ. ಅಲ್ಲಿ ಬಿಸಿಯಿಟ್ಟು ತಿಕ್ಕಿದರೆ ಒಸರುವುದು ಹೆಚ್ಚುತ್ತದೆ. ಎಳೆದು ಕೂರಿಸಹೊರಟರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು. ಮೊದಲ ಎರಡು ಮೂರು ದಿನ ತಿಕ್ಕುವುದೂ ಬೇಡ, ಬಿಸಿ ಶಾಖವೂ ಬೇಡ. ಆಟ ನಿಲ್ಲಿಸಿ, ಅಗಲವಾದ ಬಟ್ಟೆಯನ್ನು ಹಿತವಾಗಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಬೇಕು.

ಮಂಜುಗಡ್ಡೆಯ ವಿಷಯ ಸ್ವಾರಸ್ಯವಾದದ್ದು. ವಿಶ್ರಾಂತಿ, ಮಂಜು, ಬಿಗಿಪಟ್ಟಿ, ಎತ್ತರ ಎಂಬ ನಾಲ್ಕು ಸೂತ್ರಗಳನ್ನು ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರಲ್ಲಿ ತಮ್ಮ ಪುಸ್ತಕದಲ್ಲಿ ಹೇಳಿ, ಅದು ಲೋಕದ ಶಾಲೆಗಳಲ್ಲೆಲ್ಲ ಬಾಯಿಪಾಠವಾಯಿತು. ಅವರೇ 2014ರಲ್ಲಿ, ಮಂಜೂ ಪೂರ್ಣ ವಿಶ್ರಾಂತಿಯೂ ಮಾಗುವುದನ್ನು ತಡಮಾಡಬಹುದೆಂದು ತಮ್ಮ ಮಾತನ್ನು ತಿದ್ದಿಕೊಂಡರು. ಬಾವು ಬರುವುದು ದೇಹ ತನ್ನ ದುರಸ್ತಿಯ ಆಳುಗಳನ್ನು ಆ ಜಾಗಕ್ಕೆ ಕಳುಹಿಸುವ ಕ್ರಮವೂ ಹೌದು ಎಂಬುದು ಅವರ ವಾದದ ಸಾರ. ಆದುದರಿಂದ ನೋವು ತಡೆಯಲಾರದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜನ್ನು ಹತ್ತು ಹದಿನೈದು ನಿಮಿಷ ಇಡಬಹುದು. ದಿನವಿಡೀ ಇಡುವ ಅಗತ್ಯವಿಲ್ಲ. ಹಾಗೆಯೇ ಸಾಧಾರಣ ಉಳುಕಿಗೆ ವಾರಗಟ್ಟಲೆ ಮಲಗಿಸುವ ಅಗತ್ಯವೂ ಇಲ್ಲ. ನೋವು ಸಹಿಸುವಷ್ಟರ ಮಟ್ಟಿಗೆ ಬೇಗನೆ ಊರಿ ನಡೆಯತೊಡಗಿದ ಹರಡು ಬೇಗನೆ ಗುಣವಾಗುತ್ತದೆ. ಆದರೆ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಎಲುಬನ್ನು ಒತ್ತಿದಲ್ಲಿ ನೋವಿದ್ದರೆ, ಮೊಣಕಾಲು ಕೂಡಲೇ ಬಾತರೆ ಅಂದೇ ವೈದ್ಯರಲ್ಲಿಗೆ.

ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ಹೇಳಿದ್ದನ್ನೇ ಹೇಳಿದರೆ, ವಾಂತಿಯಾದರೆ, "ಸರಿಯಾಗಿದ್ದೇನೆ ಸಾರ್" ಎಂದರೂ ಆ ದಿನ ಮತ್ತೆ ಆಟಕ್ಕಿಳಿಸಕೂಡದು. ಇದರಲ್ಲಿ ರಾಜಿಯಿಲ್ಲ. ಬಿಸಿಲಿನಲ್ಲಿ ಓಡಿ ಮೈ ಕಾದು, ಮಾತು ತಡವರಿಸಿ ಬಿದ್ದವರನ್ನು ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. ನೆರಳಿಗೆ ತಂದು ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸುತ್ತಲೇ ವಾಹನಕ್ಕೆ ಹೇಳಿಕಳುಹಿಸಿರಿ. ಕಡಲತೀರದ ನಮ್ಮ ಬೇಸಗೆಯಲ್ಲಿ ಬೆವರು ಆರುವುದೇ ಇಲ್ಲವಾದ್ದರಿಂದ ಈ ಅಪಾಯ ಹೆಚ್ಚು.

ಆದರೆ ಈ ಶಾಸ್ತ್ರ ನಮಗೆ ಅತ್ಯಂತ ಉಪಕಾರಿಯಾಗಿರುವುದು ಗಾಯ ಆಗದಂತೆ ನೋಡಿಕೊಳ್ಳುವಲ್ಲಿ. ಫುಟ್ಬಾಲಿನ ವಿಶ್ವಸಂಸ್ಥೆಯಾದ ಫಿಫಾದ ಆಶ್ರಯದಲ್ಲಿ ಸಿದ್ಧವಾದ ಇಪ್ಪತ್ತು ನಿಮಿಷಗಳ ವ್ಯಾಯಾಮಕ್ರಮವೊಂದನ್ನು ನಾರ್ವೆಯ 13ರಿಂದ 17 ವರ್ಷದ ಹುಡುಗಿಯರ 125 ಕ್ಲಬ್ಬುಗಳಲ್ಲಿ ಪರೀಕ್ಷಿಸಿದರು. ಕೆಲವು ಕ್ಲಬ್ಬುಗಳು ಅಭ್ಯಾಸಕ್ಕೆ ಮೊದಲು ಅದನ್ನು ಮಾಡಿದುವು, ಉಳಿದವು ತಮ್ಮ ಪದ್ಧತಿಯನ್ನೇ ಮುಂದುವರಿಸಿದುವು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ವ್ಯಾಯಾಮ ಮಾಡಿದವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಮೆ. ತೀವ್ರವಾದ ಗಾಯಗಳು ಅರ್ಧಕ್ಕೆ ಹತ್ತಿರ ಕಡಮೆ. ಔಷಧವಿಲ್ಲ, ಯಂತ್ರವಿಲ್ಲ, ಖರ್ಚಿಲ್ಲ. ಇಷ್ಟು ಅಗ್ಗದ ಮದ್ದು ಇನ್ನಾವ ರೋಗಕ್ಕೂ ಸಿಕ್ಕೀತೆಂದು ನಮಗೆ ತೋರದು.

ಆ ಕ್ರಮದಲ್ಲಿರುವುದು ಗೂಢವಾದ ವಿದ್ಯೆಯೇನಲ್ಲ. ಮೊದಲು ನಿಧಾನದ ಓಟ, ಓಡುತ್ತಲೇ ಮಗ್ಗುಲಿಗೆ ತಿರುಗುವುದು. ಅನಂತರ ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನಿಲ್ಲಿಸುವುದು. ಜೊತೆಗಾರನು ಹಿಮ್ಮಡಿಗಳನ್ನು ಹಿಡಿದಿರಲು ಮೊಣಕಾಲೂರಿ ನಿಂತು ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವುದು. ತೊಡೆಯ ಹಿಂಭಾಗದ ಸ್ನಾಯು ಹರಿಯದಂತೆ ಕಾಪಾಡುವಲ್ಲಿ ಇದಕ್ಕೆ ಸಮಾನವಾದುದು ಇಲ್ಲವೆನ್ನುತ್ತಾರೆ. ಒಂಟಿ ಕಾಲಿನ ಸಮತೋಲನ, ಹಾರುವುದು, ಮುಖ್ಯವಾಗಿ ಹಾರಿ ಇಳಿಯುವುದು. ಇಳಿಯುವಾಗ ಮೊಣಕಾಲು ಬಾಗಿರಬೇಕು, ಒಳಕ್ಕೆ ವಾಲದೆ ಪಾದದ ಬೆರಳಿನ ನೇರಕ್ಕೆ ಇರಬೇಕು, ಸದ್ದಾಗಬಾರದು. ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ನಾವು ಹೇಳುವುದು "ಬೆಕ್ಕಿನಂತೆ ಇಳಿಯಿರಿ" ಎಂದು. ಮಕ್ಕಳು ಅದನ್ನು ಆಟವಾಗಿಯೇ ಮಾಡುತ್ತಾರೆ. ಯಾರ ಕಾಲಿನ ಸದ್ದು ಕೇಳಿಸಿತೋ ಅವರು ಔಟು.

ಇದರ ಬದಲು ಹೆಚ್ಚಿನ ಕಡೆ ನಡೆಯುವುದೇನು? ತಂಡ ಜೀಪಿನಿಂದಿಳಿದು, ಅಂಗಿ ಬದಲಿಸಿ, ಎರಡು ಸಲ ಕಾಲು ಝಾಡಿಸಿ ಅಂಗಣ ಮುಟ್ಟಿ ನಮಸ್ಕರಿಸಿ ಆಟಕ್ಕಿಳಿಯುತ್ತದೆ. ಪಂದ್ಯ ರಾತ್ರಿ ಒಂದು ಗಂಟೆಗೆ. ಅಲ್ಲಿಯವರೆಗೆ ಮಂಜಿನಲ್ಲಿ ಕುಳಿತು ಮೈ ತಣ್ಣಗಾಗಿರುತ್ತದೆ. ಇತ್ತೀಚೆಗೆ ಮಣ್ಣಿನ ಅಂಗಣದ ಮೇಲೆ ಮ್ಯಾಟು ಹಾಸುವುದು ಬಂದಿದೆ. ಚರ್ಮ ತರೆಯುವುದು ಅದರಿಂದ ತಪ್ಪಿತು, ಸಂತೋಷ. ಆದರೆ ಮಣ್ಣಿನಲ್ಲಿ ಪಾದ ತುಸು ಜಾರಿ ಮೊಣಕಾಲನ್ನು ಉಳಿಸುತ್ತಿತ್ತು. ಮ್ಯಾಟಿನ ಮೇಲೆ ರಬ್ಬರಿನ ಷೂ ಕಚ್ಚಿ ಹಿಡಿಯುತ್ತದೆ. ವಾರವಿಡೀ ಮಣ್ಣಿನಲ್ಲಿ ಬರಿಗಾಲಿನಿಂದ ಆಡಿ, ಪಂದ್ಯದ ರಾತ್ರಿ ಮಾತ್ರ ಮ್ಯಾಟಿನ ಮೇಲೆ ಎರವಲು ಷೂ ಹಾಕಿಕೊಳ್ಳುವುದು ಒಳ್ಳೆಯದಲ್ಲ.

ಶಾಲೆಗಳಲ್ಲಿಯೂ ಒಂದು ಚಾಳಿಯಿದೆ. ಚುರುಕಾದ ಮಗು ಒಂದು ಸಿಕ್ಕಿತೆಂದರೆ ನೂರು ಮೀಟರು, ಇನ್ನೂರು ಮೀಟರು, ಉದ್ದ ನೆಗೆತ, ರಿಲೇ, ಮಧ್ಯಾಹ್ನ ಕಬಡ್ಡಿ, ಎಲ್ಲಕ್ಕೂ ಅದೇ ಮಗು. ಫಲಕ ಶಾಲೆಗೆ, ಕಾಲುನೋವು ಮನೆಗೆ. ಹತ್ತರಿಂದ ಹದಿನೈದು ವರ್ಷದೊಳಗೆ ಎಲುಬು ವೇಗವಾಗಿ ಬೆಳೆಯುತ್ತಿರುವಾಗ ಎಲುಬಿನ ತುದಿಗಳು ಇನ್ನೂ ಎಳೆಯವು. ಮೊಣಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ, ಮೆಟ್ಟಿಲು ಹತ್ತುವಾಗ ನೋಯುತ್ತದೆಂದು ಆಟದ ಮಕ್ಕಳು ದೂರುವುದನ್ನು ಎಷ್ಟೋ ತಾಯಂದಿರು ಕೇಳಿರಬಹುದು. ತೊಡೆಯ ಸ್ನಾಯು ಎಳೆಯ ಎಲುಬನ್ನು ಎಳೆದೆಳೆದು ಆಗುವ ನೋವದು. ಹೆದರಬೇಕಾದ ರೋಗವಲ್ಲ, ಓಟ ನೆಗೆತಗಳನ್ನು ಕೆಲಕಾಲ ಕಡಮೆ ಮಾಡಿದರೆ ಶಮನವಾಗುತ್ತದೆ, ಬೆಳವಣಿಗೆ ನಿಂತಾಗ ಸಾಮಾನ್ಯವಾಗಿ ಹೋಗಿಬಿಡುತ್ತದೆ. ಆದರೆ ಸೋಮಾರಿತನದ ನೆಪವೆಂದು ಗದರಿ ಓಡಿಸಬಾರದು. ವೇಗದ ಚೆಂಡೆಸೆತಗಾರರಿಗೆ ಬೆನ್ನೆಲುಬಿನಲ್ಲಿ ಸೂಕ್ಷ್ಮವಾದ ಬಿರುಕು ಬರುವುದೂ ಅತಿಯಾದ ದುಡಿತದಿಂದಲೇ. ಜಸ್‌ಪ್ರೀತ್ ಬೂಮ್ರಾ ಅವರಂತಹವರೇ 2023ರಲ್ಲಿ ಬೆನ್ನಿನ ಶಸ್ತ್ರಕ್ರಿಯೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಆಟದಿಂದ ದೂರವಿರಬೇಕಾಯಿತು. ಅಂತಹವರು ಎಷ್ಟು ಓವರು ಎಸೆದರೆಂದು ಲೆಕ್ಕವಿಡಲು ಆಳುಗಳಿದ್ದಾರೆ. ನಮ್ಮ ಮಕ್ಕಳ ಲೆಕ್ಕವನ್ನು ತಂದೆತಾಯಿಯರೂ ಮೇಷ್ಟರೂ ಇಡಬೇಕು. ವಾರಕ್ಕೊಂದು ದಿನವಾದರೂ ಆಟಕ್ಕೆ ಪೂರ್ತಿ ರಜೆ, ರಾತ್ರಿ ಎಂಟೊಂಬತ್ತು ಗಂಟೆಯ ನಿದ್ದೆ, ಹಸಿವು ನೀಗುವಷ್ಟು ಊಟ. ಗಂಜಿಯ ಜೊತೆಗೆ ಹೆಸರುಕಾಳೋ ಮೀನೋ ಮೊಟ್ಟೆಯೋ ಇದ್ದರೆ ಸ್ನಾಯುವಿಗೆ ಬೇಕಾದುದು ಸಿಕ್ಕಿತು. ಡಬ್ಬಿಯ ಪುಡಿಗಳಿಗೆ ಹಣ ಸುರಿಯುವುದನ್ನು ಈಚೆಗೆ ಕಾಣುತ್ತಿದ್ದೇವೆ. ಶಾಲಾಮಕ್ಕಳಿಗೆ ಅದರ ಅಗತ್ಯವಿಲ್ಲ.

ಮೇಲೆ ಹೇಳಿದ ಇಪ್ಪತ್ತು ನಿಮಿಷದ ವ್ಯಾಯಾಮಕ್ರಮವನ್ನೂ ಮೊಣಕಾಲಿನ ಶಸ್ತ್ರಕ್ರಿಯೆಯಾದವರು ಮೊದಲ ವಾರಗಳಲ್ಲಿ ಮನೆಯಲ್ಲಿ ಮಾಡುವ ಅಭ್ಯಾಸಗಳನ್ನೂ ದಪ್ಪ ಅಕ್ಷರದ ಕನ್ನಡದಲ್ಲಿ, ಕಡ್ಡಿಗೊಂಬೆಯ ಚಿತ್ರಗಳೊಡನೆ ಎರಡು ಹಾಳೆಗಳಲ್ಲಿ ಬರೆದು ನಮ್ಮ ಶಾಲೆಯ ಜಗಲಿಯಲ್ಲಿ ತೂಗಹಾಕಿದ್ದೇವೆ. ಫಿಸಿಯೋಥೆರಪಿಸ್ಟರೊಬ್ಬರು ಎರಡನೆಯದನ್ನು ಓದಿ ತಿದ್ದಿಕೊಟ್ಟಿದ್ದಾರೆ. ನೆರೆಶಾಲೆಗಳ ಅಧ್ಯಾಪಕರೂ ಯುವಕ ಸಂಘದವರೂ ಪ್ರತಿ ಮಾಡಿಕೊಂಡು ಹೋಗಬಹುದು. ಶನಿವಾರ ಮಧ್ಯಾಹ್ನದವರೆಗೆ ನಾವು ಅಲ್ಲಿಯೇ ಇರುತ್ತೇವೆ. ಬರುವಾಗ ದೊಡ್ಡದೊಂದು ಹಾಳೆ ತಂದರೆ ಒಳ್ಳೆಯದು, ಶಾಲೆಯಲ್ಲಿ ಹಾಳೆಗೆ ಸದಾ ಬರಗಾಲ.